ಅಮೆರಿಕದ ದಿವಾಳಿ ಕಡತ: ಪೇಸರ್, ಕೋರ್ಟ್ ಕಚೇರಿ, ಫೋನ್ — ಯಾವುದು ಯಾರಿಗೆ?

ಪ್ರಕರಣ ಯಾವ ರಾಜ್ಯದ್ದೆಂದೇ ಗೊತ್ತಿಲ್ಲದಿದ್ದರೆ ಪೇಸರ್ (ಅಮೆರಿಕದ ಫೆಡರಲ್ ಕೋರ್ಟ್‌ಗಳ ಕಡತಗಳನ್ನು ಆನ್‌ಲೈನ್‌ನಲ್ಲಿ ಒದಗಿಸುವ ಸೇವೆ) ಜಾಲತಾಣದ ಕೇಸ್ ಲೊಕೇಟರ್ ಎಂಬ ಹುಡುಕಾಟ ಸಾಧನದಿಂದಲೇ ಶುರು ಮಾಡಿ. ಅದು ದೇಶದ ಎಲ್ಲ ಫೆಡರಲ್ ದಿವಾಳಿ ಕೋರ್ಟ್‌ಗಳನ್ನೂ ಒಟ್ಟಿಗೆ ಹುಡುಕುತ್ತದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಗರಿಷ್ಠ 3 ಡಾಲರ್. ಮೂರು ತಿಂಗಳ ಬಿಲ್ 30 ಡಾಲರ್ ದಾಟದಿದ್ದರೆ ಪೂರ್ತಿ ಮನ್ನಾ. ಜನ ಎಡವುವುದು ಇಲ್ಲಿ: ಹೆಸರಿನ ಹುಡುಕಾಟಕ್ಕೆ ಆ 3 ಡಾಲರ್ ಮಿತಿ ಇಲ್ಲ, ಏನೂ ಸಿಗದಿದ್ದರೂ ಒಂದು ಪುಟದ ಶುಲ್ಕ ಬೀಳುತ್ತದೆ. ಸಾಮಾನ್ಯ ಹೆಸರಾದರೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ (ಅಮೆರಿಕದಲ್ಲಿ ವ್ಯಕ್ತಿಯನ್ನು ಗುರುತಿಸುವ ಸರ್ಕಾರಿ ಸಂಖ್ಯೆ) ಕೊನೆಯ ನಾಲ್ಕು ಅಂಕಿಗಳನ್ನು ತಾಳೆ ನೋಡಿ. ಕಡತವನ್ನೆಲ್ಲ ಇಳಿಸಿಕೊಳ್ಳುವ ಮೊದಲು ಡಾಕೆಟ್ (ಪ್ರಕರಣದಲ್ಲಿ ಸಲ್ಲಿಕೆಯಾದ ದಾಖಲೆಗಳ ಪಟ್ಟಿ) ಓದಿ, ಬೇಕಾದ ದಾಖಲೆಯನ್ನಷ್ಟೇ ಆರಿಸಿ.

ಕೋರ್ಟ್ ಹತ್ತಿರದಲ್ಲಿದ್ದರೆ ಕ್ಲರ್ಕ್ ಕಚೇರಿಯ ಸಾರ್ವಜನಿಕ ಕಂಪ್ಯೂಟರ್ ಇನ್ನೂ ಅಗ್ಗ. ನೋಡುವುದು ಉಚಿತ, ಮುದ್ರಣಕ್ಕೆ ಪುಟಕ್ಕೆ 10 ಸೆಂಟ್. ದೃಢೀಕೃತ ಪ್ರತಿ ಬೇಕಾದರೂ ಕ್ಲರ್ಕ್‌ರನ್ನೇ ಕೇಳಬೇಕು; ಪೇಸರ್‌ನಿಂದ ಇಳಿಸಿದ್ದಕ್ಕೆ ಕೋರ್ಟಿನ ಮೊಹರು ಇರುವುದಿಲ್ಲ.

ಸಾಲ ಮನ್ನಾ ಆದೇಶ ಬಂದಿದೆಯೇ, ಪ್ರಕರಣ ಮುಗಿದಿದೆಯೇ ಎಂದಷ್ಟೇ ತಿಳಿಯಬೇಕೆ? ಕೋರ್ಟ್‌ಗಳ ಸ್ವಯಂಚಾಲಿತ ಫೋನ್ ಸೇವೆ ಸಾಕು, ಅದು ಉಚಿತ.

ಹಳೆಯ ಕಾಗದದ ಕಡತಕ್ಕೆ ದಾರಿ ಬೇರೆ. ಮೊದಲು ಕೋರ್ಟ್‌ನಿಂದ ವರ್ಗಾವಣೆ ಸಂಖ್ಯೆ, ಪೆಟ್ಟಿಗೆ ಸಂಖ್ಯೆ, ಸ್ಥಳ ಸಂಖ್ಯೆ ಪಡೆದು, ನಂತರ ಅಮೆರಿಕದ ರಾಷ್ಟ್ರೀಯ ಪತ್ರಾಗಾರಕ್ಕೆ (ನ್ಯಾಷನಲ್ ಆರ್ಕೈವ್ಸ್) ಬೇಡಿಕೆ ಸಲ್ಲಿಸಿ.