ಹ್ಯಾಂಗ್ ಆದ ಚೈಲ್ಡ್ ಪ್ರೋಸೆಸ್‌ಗೆ ಜಿಡಿಬಿಯೋ, ಎಸ್‌ಟ್ರೇಸೋ?

ಲಿನಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆದ ನನ್ನದೊಂದು ಪ್ರೋಗ್ರಾಮ್ ಎರಡು ಚೈಲ್ಡ್ ಪ್ರೋಸೆಸ್‌ಗಳನ್ನು ಫೋರ್ಕ್ ಮಾಡಿ (ಅಂದರೆ ತನ್ನದೇ ನಕಲುಗಳನ್ನು ಹುಟ್ಟಿಸಿ), ಎರಡಕ್ಕೂ ಬೇರೆ ಬೇರೆ ಪೈಪ್‌ಗಳ (ಒಂದು ತುದಿಯಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದುವ ಮಾರ್ಗಗಳ) ಮೂಲಕ ಡೇಟಾ ಕಳುಹಿಸುತ್ತದೆ. ಮೊದಲ ಚೈಲ್ಡ್‌ಗೆ ಎಲ್ಲವನ್ನೂ ಬರೆದು, ಪೈಪ್ ಮುಚ್ಚಿ, ಅದು ಮುಗಿಯಲೆಂದು ವೇಟ್‌ಪಿಐಡಿ ಕರೆಯಲ್ಲಿ ಕಾಯುತ್ತಿದ್ದ ಪೇರೆಂಟ್ (ಮೂಲ ಪ್ರೋಸೆಸ್) ಅಲ್ಲಿಂದ ಕದಲುತ್ತಲೇ ಇರಲಿಲ್ಲ. ವಿಚಿತ್ರವೆಂದರೆ, ಎರಡನೆಯ ಚೈಲ್ಡನ್ನು ಕಿಲ್ ಮಾಡಿದರೆ ಮೊದಲನೆಯದು ತಕ್ಷಣ ಕೆಲಸ ಮುಗಿಸುತ್ತಿತ್ತು. ಈ ಒಂದೇ ದೋಷದ ಮೇಲೆ ನಾಲ್ಕು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ.

ಕೋಡ್ ಎಲ್ಲಿಯವರೆಗೆ ಓಡಿದೆಯೆಂದು ತಿಳಿಯಲು ಸೇರಿಸಿದ ಪ್ರಿಂಟ್‌ಎಫ್ ಸಾಲುಗಳು ದಾರಿ ತಪ್ಪಿಸಿದವು. ಔಟ್‌ಪುಟ್ ಫೈಲ್‌ಗೆ ಹೋಗುವಾಗ ಸಂದೇಶಗಳು ಬಫರ್‌ನಲ್ಲೇ ಉಳಿಯುತ್ತವೆ, ಫೋರ್ಕ್ ಆ ಬಫರನ್ನೂ ನಕಲು ಮಾಡುತ್ತದೆ. ಹೀಗಾಗಿ ಪೇರೆಂಟ್ ಒಮ್ಮೆ ಮಾತ್ರ ಹೇಳಿದ ಮಾತು ಫೈಲ್‌ನಲ್ಲಿ ಎರಡು ಸಲ ಕಾಣಿಸಿತು.

ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡಲು ಬಿಡುವ ಡಿಬಗರ್ ಜಿಡಿಬಿಯ ಮೇಲೆ ನನಗೆ ಹೆಚ್ಚಿನ ಭರವಸೆಯಿತ್ತು. ಅದು ತಾನಾಗಿಯೇ ಪೇರೆಂಟನ್ನು ಮಾತ್ರ ಹಿಂಬಾಲಿಸುವುದರಿಂದ, ಎರಡೂ ಕಡೆ ಹಿಡಿತವಿರಲೆಂದು ಅದರ 'ಡಿಟ್ಯಾಚ್-ಆನ್-ಫೋರ್ಕ್' ಸೆಟ್ಟಿಂಗನ್ನು ಆಫ್ ಮಾಡಿದೆ. ಆಗ ಚೈಲ್ಡ್‌ಗಳು ಹುಟ್ಟಿದಲ್ಲೇ ನಿಂತುಬಿಟ್ಟವು, ಪೇರೆಂಟ್ ಅವುಗಳಿಗಾಗಿ ಕಾಯತೊಡಗಿತು. ಅಂದರೆ ನನ್ನ ಹ್ಯಾಂಗ್‌ನ ಜೊತೆಗೆ ಜಿಡಿಬಿಯದೇ ಇನ್ನೊಂದು ಹ್ಯಾಂಗ್ ಸೇರಿಕೊಂಡಿತು. 'ಶೆಡ್ಯೂಲ್-ಮಲ್ಟಿಪಲ್' ಆನ್ ಮಾಡಿದ ಮೇಲೆ ಎಲ್ಲವೂ ಓಡಿದವಾದರೂ, ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್‌ನಲ್ಲಿ ನಿಂತಿದೆ ಎಂಬ ಪಟ್ಟಿ) ತೋರಿಸಿದ್ದು ಪೇರೆಂಟ್ ವೇಟ್‌ಪಿಐಡಿಯಲ್ಲಿದೆ, ಚೈಲ್ಡ್ ರೀಡ್‌ನಲ್ಲಿದೆ ಎಂಬುದನ್ನಷ್ಟೇ. ಅದು ನನಗೆ ಮೊದಲೇ ಗೊತ್ತಿತ್ತು.

ಉತ್ತರ ಸಿಕ್ಕಿದ್ದು ಓಡುತ್ತಿರುವ ಪ್ರೋಸೆಸ್‌ಗಳ ಮಾಹಿತಿಯನ್ನು ಲಿನಕ್ಸ್ ಫೈಲ್‌ಗಳಂತೆ ತೋರಿಸುವ /ಪ್ರಾಕ್‌ನಲ್ಲಿ, ಅದೂ ಪ್ರೋಗ್ರಾಮನ್ನು ಮುಟ್ಟದೆಯೇ. ಎರಡೂ ಚೈಲ್ಡ್‌ಗಳ ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲ್ ಅಥವಾ ಪೈಪ್‌ನ ತುದಿಗೆ ಕೊಟ್ಟ ಸಂಖ್ಯೆ) ಡೈರೆಕ್ಟರಿಗಳನ್ನು 'ಎಲ್‌ಎಸ್ -ಎಲ್' ಮಾಡಿ ಅಕ್ಕಪಕ್ಕ ಇಟ್ಟುಕೊಂಡಾಗ, ಮೊದಲನೆಯದು ಓದುತ್ತಿದ್ದ 3ನೇ ಎಫ್‌ಡಿಯಲ್ಲಿದ್ದ ಪೈಪ್‌ನ ಐನೋಡ್ ಸಂಖ್ಯೆಯೇ (ಆ ಪೈಪನ್ನು ಗುರುತಿಸುವ ಸಂಖ್ಯೆ) ಎರಡನೆಯದರ 4ನೇ ಎಫ್‌ಡಿಯಲ್ಲಿಯೂ, ಬರೆಯುವ ಅನುಮತಿಯ ಸಮೇತ, ಇತ್ತು. ಪೈಪ್‌ನ ಬರೆಯುವ ತುದಿ ಒಂದೇ ಒಂದು ಕಡೆ ತೆರೆದಿದ್ದರೂ ಓದುವವನಿಗೆ ಇಒಎಫ್ (ಡೇಟಾ ಮುಗಿಯಿತೆಂಬ ಸೂಚನೆ) ಸಿಗುವುದಿಲ್ಲ.

ಆದರೆ ಆ ತುದಿ ಅಲ್ಲಿಗೆ ಬಂದದ್ದು ಹೇಗೆಂದು /ಪ್ರಾಕ್ ಹೇಳುವುದಿಲ್ಲ. ಅದಕ್ಕೆ ಪ್ರೋಗ್ರಾಮ್ ಕರ್ನೆಲ್‌ಗೆ ಮಾಡುವ ಕರೆಗಳನ್ನೆಲ್ಲ ದಾಖಲಿಸುವ ಎಸ್‌ಟ್ರೇಸ್, 'ಎಸ್‌ಟ್ರೇಸ್ -ಎಫ್ -ವೈ' ರೂಪದಲ್ಲಿ, ಬೇಕಾಯಿತು. ಪ್ರೋಗ್ರಾಮನ್ನು ಮೊದಲಿನಿಂದಲೇ ಅದರಡಿ ಓಡಿಸಬೇಕು. ಹ್ಯಾಂಗ್ ಆದ ಮೇಲೆ ಪೇರೆಂಟ್‌ಗೆ ಅಂಟಿಸಿದರೆ ಈಗಾಗಲೇ ಹುಟ್ಟಿರುವ ಚೈಲ್ಡ್‌ಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯ ಚೈಲ್ಡ್‌ನ ಸಾಲುಗಳಲ್ಲಿ 5ನೇ ಎಫ್‌ಡಿಯನ್ನು ಮುಚ್ಚಿದ್ದು ಕಂಡಿತು, ಫೋರ್ಕ್ ಆದಾಗ ಪೇರೆಂಟ್‌ನಿಂದ ನಕಲಾಗಿ ಬಂದ 4ನೆಯದನ್ನು ಮುಚ್ಚಿದ್ದು ಕಾಣಲಿಲ್ಲ. ಫೋರ್ಕ್ ಆದೊಡನೆ ಒಂದು ಕ್ಲೋಸ್ ಸೇರಿಸಿದೆ, ಅಷ್ಟೆ. ಕ್ಲೋಸ್-ಆನ್-ಎಕ್ಸೆಕ್ ಗುರುತು ಇಲ್ಲಿ ನೆರವಾಗುತ್ತಿರಲಿಲ್ಲ, ಏಕೆಂದರೆ ನನ್ನ ಚೈಲ್ಡ್‌ಗಳು ಎಕ್ಸೆಕ್ ಮಾಡುವುದೇ (ಬೇರೊಂದು ಪ್ರೋಗ್ರಾಮ್ ಆಗಿ ಬದಲಾಗುವುದೇ) ಇಲ್ಲ.

ಹಾಗೆಂದು ಜಿಡಿಬಿಯನ್ನು ಬದಿಗಿಡಲಾರೆ. ಮುಂದಿನ ವಾರ ಅದೇ ಚೈಲ್ಡ್ ಸೆಗ್ಮೆಂಟೇಶನ್ ಫಾಲ್ಟ್‌ನಿಂದ (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿ) ಸತ್ತಾಗ, ಎಸ್‌ಟ್ರೇಸ್ ಕೊಟ್ಟದ್ದು ಸಿಗ್ನಲ್‌ನ ಹೆಸರು ಮತ್ತು ಒಂದು ವಿಳಾಸ. 'ಫಾಲೋ-ಫೋರ್ಕ್-ಮೋಡ್' ಅನ್ನು ಚೈಲ್ಡ್‌ಗೆ ಬದಲಿಸಿದ ಜಿಡಿಬಿ ಒಂದೇ ಓಟದಲ್ಲಿ ತಪ್ಪಿದ್ದ ಸಾಲಿನ ಸಂಖ್ಯೆಯನ್ನೇ ಕೊಟ್ಟಿತು.