ಎಫ್-150 ಲೈಟ್ನಿಂಗ್: ಮೀಟರಿನ ಕಿಲೋಮೀಟರ್ ಬಿಡಿ, ಯೂನಿಟ್ ಎಣಿಸಿ

ಫೋರ್ಡ್ ಕಂಪನಿಯ ಈ ವಿದ್ಯುತ್ ಪಿಕಪ್ 2022ರಲ್ಲಿ ರಸ್ತೆಗಿಳಿಯಿತು. ಪಿಕಪ್ ಆಗಿ ಇದರ ಮೇಲೆ ದೂರು ಹೇಳುವುದು ಕಷ್ಟ. ಎಳೆತ ಭರ್ಜರಿ, ಒಳಗೆ ಸದ್ದಿಲ್ಲ, ಎಂಜಿನ್ ಇರಬೇಕಾದ ಜಾಗದಲ್ಲಿ 400 ಲೀಟರಿನ ಡಿಕ್ಕಿ. ಕೊಂಡವರ ತಲೆ ತಿನ್ನುವುದು ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ, ತುಂಬಲು ಎಷ್ಟು ಹೊತ್ತು ಬೇಕು ಎನ್ನುವುದು ಮಾತ್ರ.

ದೊಡ್ಡ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 131 ಯೂನಿಟ್ (ಕಿಲೋವ್ಯಾಟ್-ಅವರ್) ವಿದ್ಯುತ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಲೆಕ್ಕದಲ್ಲಿ 320 ಮೈಲಿ, ಅಂದರೆ ಸುಮಾರು 515 ಕಿ.ಮೀ.; ಯೂನಿಟ್ಟಿಗೆ 3.9 ಕಿ.ಮೀ. ಬಿತ್ತು. ಹೆದ್ದಾರಿಯಲ್ಲಿ 115-120ರ ವೇಗದಲ್ಲಿ ಒಂದೇ ಸಮ ಓಡಿಸಿದರೆ ಅದು 3.2ರ ಆಸುಪಾಸಿಗೆ ಇಳಿಯುತ್ತದೆ. ಗೋಡೆಯಂಥ ಮೂತಿಯಿಂದ ಗಾಳಿ ತಳ್ಳುವುದೇ ಅಲ್ಲಿ ದೊಡ್ಡ ಕೆಲಸ. ಪರದೆ ತೋರಿಸುವ ಕಿಲೋಮೀಟರು ಬಹುಮಟ್ಟಿಗೆ ಹಿಂದಿನ ಓಡಾಟ ನೋಡಿ ಹಾಕಿದ ಅಂದಾಜು. ನಿನ್ನೆ ಟ್ರೈಲರ್ ಎಳೆದಿದ್ದರೆ ಇವತ್ತು ಖಾಲಿ ಗಾಡಿಗೂ ಕಡಿಮೆ ತೋರಿಸುತ್ತದೆ. ಹಾಗಾಗಿ ಶೇಕಡಾವಾರು ನೋಡಿ. ಶೇ. 1 ಎಂದರೆ 1.3 ಯೂನಿಟ್, ಹೆದ್ದಾರಿಯಲ್ಲಿ ಸುಮಾರು 4 ಕಿ.ಮೀ. ಈ ಗುಣಾಕಾರ ಮೋಸ ಮಾಡುವುದಿಲ್ಲ.

ಟ್ರೈಲರ್ ಹಿಂದೆ ಬಿದ್ದರೆ ಕಥೆಯೇ ಬೇರೆ. ಇಲ್ಲಿ ತೂಕಕ್ಕಿಂತ ಎತ್ತರ ಹೆಚ್ಚು ತಿನ್ನುತ್ತದೆ: ತಗ್ಗಾದ ಟ್ರೈಲರಿನ ಮೇಲೆ ಭಾರ ಹೇರಿದರೂ ಪರವಾಗಿಲ್ಲ, ಹಗುರವಾದರೂ ಎತ್ತರದ ಪೆಟ್ಟಿಗೆಯಂಥ ಟ್ರೈಲರ್ ಆದರೆ ಯೂನಿಟ್ಟಿಗೆ 1.6 ಕಿ.ಮೀ. ಬಂದರೆ ಹೆಚ್ಚು. ದೂರದ ದಾರಿಯಲ್ಲಿ ಶೇ. 80ರಿಂದ 10ರವರೆಗೆ ಮಾತ್ರ ಬಳಸುತ್ತೀರಿ, ಅಂದರೆ 92 ಯೂನಿಟ್. ಒಂದು ಚಾರ್ಜಿಂಗ್ ನಿಲ್ದಾಣದಿಂದ ಇನ್ನೊಂದಕ್ಕೆ 145 ಕಿ.ಮೀ. ಮೀರಬಾರದು. ಟ್ರೈಲರಿನ ಅಳತೆ, ತೂಕವನ್ನು ಪರದೆಯಲ್ಲಿ ತುಂಬಿಸಿದರೆ ಅಂದಾಜು ಬಹಳ ಸುಧಾರಿಸುತ್ತದೆ, ಇದನ್ನು ತಪ್ಪಿಸಬೇಡಿ.

ಚಳಿಯಲ್ಲಿ ಹೆಚ್ಚು ಪೆಟ್ಟು ಬೀಳುವುದು ಚಿಕ್ಕ ಚಿಕ್ಕ ಓಡಾಟಕ್ಕೆ. ಪ್ರತಿ ಸಲ ತಣ್ಣಗಾದ ಬ್ಯಾಟರಿಯನ್ನೂ ಕ್ಯಾಬಿನ್ನನ್ನೂ ಹೊಸದಾಗಿ ಕಾಯಿಸಬೇಕು. ಹೊರಡುವ ಹೊತ್ತನ್ನು ಮೊದಲೇ ನಿಗದಿ ಮಾಡಿ, ಪ್ಲಗ್ ಹಾಕಿರುವಾಗಲೇ ಗಾಡಿ ಬೆಚ್ಚಗಾಗಲಿ. ಕಡಿಮೆ ವಿದ್ಯುತ್ತಿನಲ್ಲಿ ಕ್ಯಾಬಿನ್ ಕಾಯಿಸುವ ಹೀಟ್ ಪಂಪ್ ಬಂದದ್ದು 2024ರ ಮಾದರಿಯಿಂದ. ಹಳೆಯ ಗಾಡಿಯಲ್ಲಿ ಸೀಟು, ಸ್ಟಿಯರಿಂಗ್ ಬಿಸಿ ಮಾಡಿಕೊಂಡು ಗಾಳಿಯ ಹೀಟರ್ ತಗ್ಗಿಸುವುದೇ ದಾರಿ.

ಇನ್ನು ಮನೆಯ ಚಾರ್ಜಿಂಗ್. ಅಮೆರಿಕದ 120 ವೋಲ್ಟಿನ ಮಾಮೂಲಿ ಸಾಕೆಟ್ 12 ಆಂಪಿಯರ್ ಕೊಡುತ್ತದೆ, ಗಂಟೆಗೆ 1.4 ಯೂನಿಟ್. ಶೇ. 20ರಿಂದ 80ಕ್ಕೆ ಏರಲು ಮೂರು ದಿನ ಹಿಡಿಯುತ್ತದೆ. ಕೊರೆಯುವ ಚಳಿಯಿದ್ದರೆ ಅದರಲ್ಲೂ ದೊಡ್ಡ ಪಾಲು ಬ್ಯಾಟರಿ ಬೆಚ್ಚಗಿಡಲೇ ಹೋಗುತ್ತದೆ. 240 ವೋಲ್ಟಿನಲ್ಲಿ 30 ಆಂಪಿಯರ್ ಕೊಟ್ಟರೆ ಅದೇ ಕೆಲಸಕ್ಕೆ ಸುಮಾರು 12 ಗಂಟೆ, 48 ಕೊಟ್ಟರೆ ಏಳೂವರೆ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವವರಿಗೆ 48 ಧಾರಾಳ ಸಾಕು. ಅದಕ್ಕೆ 60 ಆಂಪಿಯರ್ ಬ್ರೇಕರ್ ಬೇಕು, ಏಕೆಂದರೆ ಗಂಟೆಗಟ್ಟಲೆ ಹರಿಯುವ ಲೋಡು ಬ್ರೇಕರಿನ ಶೇ. 80 ಮೀರುವಂತಿಲ್ಲ. ಫೋರ್ಡ್‌ನದೇ ಮನೆ ಚಾರ್ಜರ್, 80 ಆಂಪಿಯರಿನ ಚಾರ್ಜ್ ಸ್ಟೇಷನ್ ಪ್ರೊಗೆ 100 ಆಂಪಿಯರ್ ಬ್ರೇಕರ್ ಬೇಕಾಗುತ್ತದೆ. ಎಷ್ಟೋ ಮನೆಗಳ ಪ್ಯಾನೆಲ್ಲಿಗೆ ಅದು ಹೊರೆ.

14-50 ಸಾಕೆಟ್ (240 ವೋಲ್ಟಿನ, 50 ಆಂಪಿಯರಿನ ದೊಡ್ಡ ಸಾಕೆಟ್) ಹಾಕಿಸುವವರು ಅಗ್ಗದ ಸಾಕೆಟ್ ಮುಟ್ಟಲೇಬೇಡಿ. ಟರ್ಮಿನಲ್ ಸ್ಕ್ರೂ ಸಡಿಲವಿದ್ದರೆ ಅಲ್ಲೇ ಬಿಸಿ ಏರಿ ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಕರಗುತ್ತದೆ. ಚಾರ್ಜ್ ಶುರುವಾಗಿ ಒಂದು ಗಂಟೆಯ ಮೇಲೆ ಪ್ಲಗ್ಗಿನ ಮುಖಕ್ಕೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಸಾಕೆಟ್ ಬಿಟ್ಟು ಚಾರ್ಜರಿಗೇ ನೇರ ವೈರ್ ಕೊಡಿಸುವುದು ಇನ್ನೂ ಮೇಲು. ಜಿಎಫ್‌ಸಿಐ ಬ್ರೇಕರ್ (ವಿದ್ಯುತ್ ಸೋರಿದರೆ ಲೈನ್ ಕಡಿಯುವಂಥದ್ದು) ನಡುರಾತ್ರಿ ಸುಮ್ಮಸುಮ್ಮನೆ ಬಿದ್ದುಹೋಗುವ ಕಾಟವೂ ತಪ್ಪುತ್ತದೆ. ದಿನದ ಬಳಕೆಗೆ ಮಿತಿ ಶೇ. 90ಕ್ಕೆ ಇಡಿ, 100 ದೂರದ ಪ್ರಯಾಣಕ್ಕಷ್ಟೇ.

ಹೊರಗಿನ ವೇಗದ ಚಾರ್ಜರಿನಲ್ಲಿ ಈ ಗಾಡಿ ಎಳೆದುಕೊಳ್ಳುವುದು ಸುಮಾರು 150 ಕಿಲೋವ್ಯಾಟ್. 350 ಎಂದು ಬರೆದ ಚಾರ್ಜಿಂಗ್ ಕಂಬ ಹುಡುಕಿ ಹೋಗಿ ಪ್ರಯೋಜನವಿಲ್ಲ. ಶೇ. 15ರಿಂದ 80ಕ್ಕೆ ಕಂಪನಿ ಹೇಳುವುದು 41 ನಿಮಿಷ. 80ರ ಮೇಲೆ ವೇಗ ಕುಸಿಯುತ್ತದೆ, ಹೊರಟುಬಿಡಿ. ವೇಗದ ಚಾರ್ಜಿಂಗಿಗೆ ಈ ಗಾಡಿ ಬಳಸುವ ಸಿಸಿಎಸ್ ಪ್ಲಗ್ ಭಾರ, ತನ್ನ ಭಾರಕ್ಕೇ ಜೋತು ಬಿದ್ದು ಕೆಳಗಿನ ಎರಡು ದಪ್ಪ ಪಿನ್ ಸರಿಯಾಗಿ ಕೂರುವುದಿಲ್ಲ, ಪರದೆಯಲ್ಲಿ ದೋಷ ಬರುತ್ತದೆ. ಪ್ಲಗ್ಗಿನ ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಒಳಕ್ಕೆ ಒತ್ತಿ, ಲಾಕ್ 'ಟಕ್' ಎನ್ನುವವರೆಗೆ ಕೈ ಬಿಡಬೇಡಿ. ಎಷ್ಟೋ ಸಲ ಗಾಡಿಗೂ ಕಂಬಕ್ಕೂ ಏನೂ ಆಗಿರುವುದಿಲ್ಲ.

ಟೆಸ್ಲಾ ಸೂಪರ್‌ಚಾರ್ಜರುಗಳು ಫೋರ್ಡ್ ಗಾಡಿಗಳಿಗೆ ತೆರೆದದ್ದು 2024ರ ಫೆಬ್ರುವರಿ ಕೊನೆಯಲ್ಲಿ. ಪ್ಲಗ್ ಹೊಂದಿಸಲು ಅಡಾಪ್ಟರ್ ಬೇಕು, ಹಳೆಯ ವಿ2 (ಎರಡನೇ ತಲೆಮಾರಿನ) ಕಂಬಗಳು ನಡೆಯುವುದಿಲ್ಲ. ಲೈಟ್ನಿಂಗಿನ ಚಾರ್ಜಿಂಗ್ ಬಾಗಿಲು ಎಡಗಡೆಯ ಮುಂದಿನ ಚಕ್ರದ ಬಳಿ. ಟೆಸ್ಲಾದ್ದು ಹಿಂದೆ ಎಡಕ್ಕೆ, ಕೇಬಲ್ಲಿನ ಉದ್ದವೂ ಅದಕ್ಕೆ ತಕ್ಕಷ್ಟೇ. ಆದ್ದರಿಂದ ಮೂತಿ ಮುಂದಾಗಿ ನಿಲ್ಲಿಸಿ, ಎಡ ಪಕ್ಕದ ಜಾಗದ ಕೇಬಲ್ ಎಳೆದುಕೊಳ್ಳಬೇಕು. ಎರಡು ಜಾಗ ಹಿಡಿದಂತಾಗುತ್ತದೆ, ಹಾಗಾಗಿ ಬಲತುದಿಯ ಕಂಬ ಖಾಲಿಯಿದ್ದರೆ, ಅದರ ಆಚೆಗೆ ನಿಲ್ಲಲು ಜಾಗವಿದ್ದರೆ, ಮೊದಲು ಅಲ್ಲಿಗೇ ಹೋಗಿ. ಟ್ರೈಲರ್ ಇದ್ದವರು ಹೆಚ್ಚಿನ ಕಡೆ ಅದನ್ನು ಬಿಚ್ಚಿಯೇ ಒಳಗೆ ಹೋಗಬೇಕು. ಬಿಚ್ಚಿ ಕಟ್ಟಲು ಹಿಡಿಯುವ ಹದಿನೈದು ಇಪ್ಪತ್ತು ನಿಮಿಷವನ್ನೂ ಪ್ರಯಾಣದ ಲೆಕ್ಕಕ್ಕೆ ಸೇರಿಸಿಕೊಳ್ಳಿ.