ಹಿಂದೆ ಕೂರುವವರಿಗೆ ಅಂತ ಇಟ್ಟಿರುವ ಆ ಇನ್ನೊಂದು ಹೆಲ್ಮೆಟ್ ಇವತ್ತೇ ನೋಡಿ

ನನ್ನ ತಂಗಿಗೆ ಈಗ ವಾಸನೆ ಗೊತ್ತಾಗುವುದಿಲ್ಲ. ಒಲೆ ಮೇಲೆ ಒಗ್ಗರಣೆ ಸೀದರೂ ಹೊಗೆ ಕಣ್ಣಿಗೆ ಕಂಡ ಮೇಲೇ ಅವಳಿಗೆ ತಿಳಿಯುವುದು. ಎಂಟು ತಿಂಗಳಾಯಿತು. ನಾನು 250 ರೂಪಾಯಿಗೆ ತಂದ ಹೆಲ್ಮೆಟ್ ಇದಕ್ಕೆ ಕಾರಣ.

ನನ್ನ ಹೆಲ್ಮೆಟ್ ಒಳ್ಳೆಯದೇ. ಅಂಗಡಿಗೆ ಹೋಗಿ, ತಲೆಗೆ ಸರಿಯಾಗಿ ಕೂರುತ್ತದಾ ನೋಡಿ ತಂದದ್ದು. ಹಿಂದೆ ಕೂರುವವರಿಗೂ ಒಂದು ಬೇಕಲ್ಲ, ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಅವರಿಗೂ ಕಡ್ಡಾಯ. ಅದನ್ನು ಮಾತ್ರ ತುಮಕೂರು ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಮಾರುತ್ತಿದ್ದ ಕಡೆ ತಗೊಂಡೆ. ಅಪರೂಪಕ್ಕೆ ಹಾಕುವುದು, 500 ರೂಪಾಯಿ ದಂಡ ತಪ್ಪಿದರೆ ಸಾಕು ಅನ್ನಿಸಿತ್ತು. ಕಿವಿ ಮುಚ್ಚದ ಅರ್ಧ ಹೆಲ್ಮೆಟ್. ಹಿಂದೆ ಐಎಸ್‌ಐ ಅಂತ ಸ್ಟಿಕ್ಕರ್ ಬೇರೆ ಇತ್ತು. ಅದನ್ನು ನೋಡಿ ಧೈರ್ಯ ತಂದುಕೊಂಡೆ.

ಅವತ್ತು ನೆಲಮಂಗಲದಲ್ಲಿ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಸ್ಪೀಡ್ 35 ದಾಟಿರಲಿಲ್ಲ. ಒಳರಸ್ತೆಯಲ್ಲಿ ಬಣ್ಣ ಬಳಿಯದ ಹಂಪ್ ಕತ್ತಲಲ್ಲಿ ಕಾಣಲಿಲ್ಲ. ಗಾಡಿ ಎಗರಿತು, ತಂಗಿ ಹಿಂದಕ್ಕೆ ಬಿದ್ದಳು. ನನಗೆ ಮೊದಲು ಕೇಳಿಸಿದ್ದು ಹೆಲ್ಮೆಟ್ ಉರುಳುವ ಸದ್ದು, ಖಾಲಿ ಬಕೆಟ್ ಉರುಳಿದ ಹಾಗೆ. ತಿರುಗಿ ನೋಡಿದರೆ ಹೆಲ್ಮೆಟ್ ರಸ್ತೆಯ ಆಚೆ, ಅವಳು ಈಚೆ.

ತಲೆಯ ಹಿಂದೆ 9 ಹೊಲಿಗೆ, ಸಿಟಿ ಸ್ಕ್ಯಾನ್, ನಾಲ್ಕು ದಿನ ಆಸ್ಪತ್ರೆ. ಜೀವ ಉಳಿಯಿತು. ಮನೆಗೆ ಬಂದ ದಿನ ಅಮ್ಮ ಕಾಫಿ ಕೊಟ್ಟರೆ, "ಇದೇನಮ್ಮ, ಬರೀ ಸಕ್ಕರೆ ನೀರು" ಅಂದಳು. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ತಲೆಗೆ ಜೋರು ಪೆಟ್ಟು ಬಿದ್ದಾಗ ಮೆದುಳು ಒಳಗೇ ಅಲುಗುತ್ತದೆ. ಮೂಗಿನಿಂದ ಮೇಲಕ್ಕೆ ಹೋಗುವ ಎಳೆ ಎಳೆ ನರಗಳು ಆಗ ಹರಿದುಹೋಗಬಹುದು. ಕೆಲವರಿಗೆ ವಾಸನೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ.

ಆ ಹೆಲ್ಮೆಟ್ಟಿನ ಬಟ್ಟೆ ಕಿತ್ತು ನೋಡಿದೆ. ಒಳಗೆ ಪಾತ್ರೆ ತೊಳೆಯುವಂಥ ಸ್ಪಂಜು. ಹೆಬ್ಬೆರಳಲ್ಲಿ ಒತ್ತಿದರೆ ಸೀದಾ ಪ್ಲಾಸ್ಟಿಕ್ಕಿಗೆ ತಾಗುತ್ತದೆ. ಆ ಜಾಗದಲ್ಲಿ ಗಟ್ಟಿ ಥರ್ಮೋಕೋಲ್ ಇರಬೇಕು. ಬಿದ್ದಾಗ ಅದು ಜಜ್ಜಿಹೋಗಿ ಪೆಟ್ಟನ್ನು ತಾನು ತಿನ್ನುತ್ತದೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಮತ್ತೆ ಹಾಕಬೇಡಿ ಅನ್ನುವುದು ಅದಕ್ಕೇ. ಇನ್ನು ಪಟ್ಟಿಯ ಕ್ಲಿಪ್ಪಿನಲ್ಲಿ ಒಂದು ಹಲ್ಲು ಮುರಿದಿತ್ತು. ತಲೆ ನೆಲಕ್ಕೆ ಬಡಿಯುವ ಮೊದಲೇ ಬಿಟ್ಟುಕೊಂಡಿದೆ. ಪಟ್ಟಿ ಬಿಗಿಯಾಗಿ ಹಾಕಿರಬೇಕು ಅಂತ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲೇ ಇದೆ. ಕ್ಲಿಪ್ಪೇ ನಿಲ್ಲದಿದ್ದರೆ ಬಿಗಿ ಮಾಡಿ ಏನು ಬಂತು?

ಸ್ಟಿಕ್ಕರ್ ನಂಬಬೇಡಿ. ಅಸಲಿ ಗುರುತಿನ ಮೇಲೆ ಐಎಸ್ 4151 ಅಂತ, ಅಂದರೆ ಬೈಕ್ ಹೆಲ್ಮೆಟ್ಟಿನ ಗುಣಮಟ್ಟದ ನಂಬರ್ ಇರುತ್ತದೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರು ತಯಾರಿಸಿದ್ದು ಅಂತ ಬರುತ್ತದೆ. ನಾನು ತಂದದ್ದರಲ್ಲಿ ಬರೀ ಮೂರು ಅಕ್ಷರ ಇತ್ತು, ಉಗುರಲ್ಲಿ ಕೆರೆದರೆ ಎದ್ದುಬಂತು. ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ಟನ್ನು 2021ರ ಜೂನ್ 1ರಿಂದ ಮಾರುವ ಹಾಗೇ ಇಲ್ಲ. ಆದರೂ ರಸ್ತೆ ಬದಿ ರಾಶಿ ಬಿದ್ದಿರುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ?

ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಒಂದು ಮಾತು. ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದವರಿಗೆ ಹೆಲ್ಮೆಟ್ ಜೊತೆ ಮಗುವನ್ನು ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟೂ ಬೇಕು, ಗಾಡಿ 40 ದಾಟಬಾರದು. ದೊಡ್ಡವರ ಹೆಲ್ಮೆಟ್ಟನ್ನು ಸುಮ್ನೆ ಪುಟ್ಟ ತಲೆಗೆ ಕವುಚಬೇಡಿ, ದಯವಿಟ್ಟು.

ಹೋದ ವಾರ ತಂಗಿಗೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ತಂದೆ. ಪಟ್ಟಿ ಹಾಕಿ, ಹಿಂದಿನಿಂದ ಮುಂದಕ್ಕೆ ತಳ್ಳಿ ನೋಡಿದೆ. ಜಾರಲಿಲ್ಲ. ಅವಳು ಅದನ್ನು ತೆಗೆದು, ಒಳಗೆ ಮೂಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕೈಗೆ ಕೊಟ್ಟು ಕೇಳಿದಳು, "ಹೊಸದರ ವಾಸನೆ ಬರ್ತಿದೆಯಾ?"